954.9 ಮೊದಲೋ, 954.87 ಮೊದಲೋ?

ದೊಡ್ಡ ಲೈಬ್ರರಿಯೊಂದಕ್ಕೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಪುಸ್ತಕ ಇರುವ ಜಾಗ ಹೇಳುವ ನಂಬರ್ ಬರೆದಿತ್ತು: 954.87. ನನಗೆ ಬೇಕಿದ್ದದ್ದು ಕರ್ನಾಟಕದ ಇತಿಹಾಸ. 954 ಅಂದರೆ ಭಾರತದ ಇತಿಹಾಸ, ಆ ಸಾಲು ಬೇಗ ಸಿಕ್ಕಿತು. 9ಕ್ಕಿಂತ 87 ದೊಡ್ಡದು ಅಲ್ವಾ, ಅಂತ 954.9 ದಾಟಿ ಮುಂದೆ ಹೋದೆ. ಅಲ್ಲಿ 955, ಇರಾನಿನ ಇತಿಹಾಸ. ಪುಸ್ತಕ ಯಾರೋ ತೆಗೆದುಕೊಂಡು ಹೋಗಿರಬೇಕು ಅಂದುಕೊಂಡು ವಾಪಸ್ ಹೊರಟಿದ್ದೆ.

ಚೀಟಿ ನೋಡಿದ ಗ್ರಂಥಪಾಲಕರು, "ಅದನ್ನ ರೂಪಾಯಿ-ಪೈಸೆ ಅಂತ ಓದಮ್ಮ" ಅಂದರು. 954.9 ಅಂದರೆ ತೊಂಬತ್ತು ಪೈಸೆ, 954.87 ಎಂಬತ್ತೇಳು ಪೈಸೆ. ಹಾಗಾಗಿ 87 ಮೊದಲು ಬರುತ್ತದೆ. ಎರಡು ರ‍್ಯಾಕ್ ಹಿಂದೆ ಬಂದೆ, ತಮಿಳುನಾಡು 954.82, ಕೇರಳ 954.83 ಆದ ಮೇಲೆ ನಮ್ಮ ಕರ್ನಾಟಕ ಇತ್ತು. ಚುಕ್ಕಿ ಆದ ಮೇಲೆ ಮೂರು ಅಂಕಿ ಇದ್ದರೂ ಗಾಬರಿ ಬೇಡ. ಒಂದೊಂದೇ ಅಂಕಿ ಹೋಲಿಸುತ್ತಾ ಹೋಗಿ. ಮಹಾರಾಷ್ಟ್ರದ 954.792 ನೋಡೋಕೆ ಉದ್ದ, ಆದರೆ ಚುಕ್ಕಿಯ ಪಕ್ಕದಲ್ಲೇ 7 ಇದೆ. ಅದು ಕರ್ನಾಟಕಕ್ಕಿಂತ ಮುಂಚೆಯೇ ಬರುತ್ತದೆ.

ಪುಸ್ತಕಗಳಿಗೆ ವಿಷಯದ ಪ್ರಕಾರ ಹೀಗೆ ನಂಬರ್ ಕೊಡುವುದು 1876ರಲ್ಲಿ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ ಮಾಡಿದ ಪದ್ಧತಿ. ಅದರಲ್ಲಿ ನಮ್ಮ ಭಾಷೆಯ ಜಾಗ ಹುಡುಕಿದ್ದು ನನಗೆ ತುಂಬಾ ಖುಷಿ ಕೊಟ್ಟ ಕೆಲಸ. ಕನ್ನಡ ಸಾಹಿತ್ಯ 894.814. ಅದರ ಕೊನೆಗೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ. ಕನ್ನಡ ಭಾಷೆಯ ಬಗ್ಗೆ, ಅಂದರೆ ವ್ಯಾಕರಣ, ನಿಘಂಟು ಬೇಕಾದರೆ 494.814. ಮೊದಲ ಅಂಕಿ ಮಾತ್ರ ಬೇರೆ, ನೋಡಿ! ಈಗ ಕ್ಯಾಟಲಾಗ್ ತೆರೆಯದೆಯೇ ನೇರವಾಗಿ ಆ ಸಾಲಿಗೆ ಹೋಗಿ ನಿಲ್ಲುತ್ತೇನೆ.

ಆದರೆ ಕಾದಂಬರಿಗಳಿಗೆ ನಂಬರ್ ಒಂದೇ ಸಾಲದು. 894.8143 ಅಂತ ಸುಮ್ನೆ ಬರೆದುಕೊಂಡು ಹೋದರೆ ನೂರಾರು ಪುಸ್ತಕಗಳ ಮುಂದೆ ನಿಂತಿರುತ್ತೀರಿ. ನಂಬರಿನ ಕೆಳಗೆ ಇರುವ ಅಕ್ಷರಗಳನ್ನೂ ಬರೆದುಕೊಳ್ಳಿ. ಬಹಳ ಕಡೆ ಅವು ಲೇಖಕರ ಹೆಸರಿನ ಮೊದಲ ಮೂರು ಅಕ್ಷರ. ಇನಿಷಿಯಲ್ ನೋಡಬೇಡಿ: ಶಿವರಾಮ ಕಾರಂತರನ್ನು 'ಕಾರಂತ' ಅಂತಲೇ ಹುಡುಕಿ. ಪುಸ್ತಕದ ಒಳಗೆ ಮುದ್ರೆ ಒತ್ತಿ ಬರೆದಿರುವ ಅಕ್ಸೆಷನ್ ನಂಬರ್ ಬೇರೆ. ಅದು ಪುಸ್ತಕ ಲೈಬ್ರರಿಗೆ ಬಂದ ಕ್ರಮ ಅಷ್ಟೇ, ಇರುವ ಜಾಗ ಹೇಳುವುದಿಲ್ಲ.

ಓದಿದ ಮೇಲೆ ಪುಸ್ತಕವನ್ನು ನಾನೇ ರ‍್ಯಾಕಿಗೆ ಇಡುವುದನ್ನೂ ಬಿಟ್ಟಿದ್ದೇನೆ. ಒಂದು ಅಂಕಿ ತಪ್ಪಿದ ಜಾಗದಲ್ಲಿ ಇಟ್ಟರೂ ಅದನ್ನು ಹುಡುಕಿ ಬಂದವರಿಗೆ ಸಿಗುವುದಿಲ್ಲ. ಮೇಜಿನ ಮೇಲೇ ಬಿಟ್ಟು ಬರುತ್ತೇನೆ, ಸಿಬ್ಬಂದಿ ಸರಿಯಾದ ಜಾಗಕ್ಕೆ ಸೇರಿಸುತ್ತಾರೆ.