ಫೀಡ್‌ವಾಟರ್ ಕವಾಟ ಥಟ್ಟನೆ ಮುಚ್ಚಿದಾಗ: ಜಲಾಘಾತದ ಲೆಕ್ಕ ಮಾಡುವ ಬಗೆ

ಪರಮಾಣು ವಿದ್ಯುತ್ ಸ್ಥಾವರದ ಸ್ಟೀಮ್ ಜನರೇಟರಿಗೆ ನೀರೊಯ್ಯುವ ಫೀಡ್‌ವಾಟರ್ ಪೈಪಿನಲ್ಲಿ ಹರಿವು ಒಮ್ಮೆಲೇ ನಿಂತರೆ, ಒತ್ತಡದ ಅಲೆಯೊಂದು ಹುಟ್ಟಿ ಪೈಪಿನುದ್ದಕ್ಕೂ ಓಡುತ್ತದೆ. ಇದೇ ಜಲಾಘಾತ. ಇದನ್ನು ಲೆಕ್ಕ ಹಾಕುವವರು ಗರಿಷ್ಠ ಒತ್ತಡವನ್ನು ಕಂಡುಹಿಡಿದು ಅಲ್ಲಿಗೇ ನಿಲ್ಲಿಸಬಾರದು. ಪೈಪಿನ ಗೋಡೆ ಆ ಒತ್ತಡವನ್ನು ತಾಳಿಕೊಂಡರೂ, ಅಲೆ ಹಾದುಹೋಗುವಾಗ ಏಳುವ ಬಲಕ್ಕೆ ಪೈಪಿನ ಆಧಾರಗಳು ಕಿತ್ತುಬರಬಹುದು.

ಮೊದಲು ಘಟನೆಯನ್ನು ನಿಗದಿಪಡಿಸಿಕೊಳ್ಳಬೇಕು. ಮೋಟಾರಿನಿಂದಲೋ ಅನಿಲದ ಒತ್ತಡದಿಂದಲೋ ನಡೆಯುವ ಐಸೊಲೇಶನ್ ವಾಲ್ವ್ (ಬೇಕಾದಾಗ ಪೈಪಿನ ಹರಿವನ್ನು ಪೂರ್ತಿ ಕಡಿಯುವ ಕವಾಟ) ಮುಚ್ಚಲು ಸಾಮಾನ್ಯವಾಗಿ ಕೆಲವು ಸೆಕೆಂಡುಗಳು ಬೇಕು. ಪಂಪಿನ ಕಡೆಯ ಪೈಪು ಒಡೆದಾಗ ಹಿಮ್ಮುಖ ಹರಿವನ್ನು ತಡೆಯುವ ಚೆಕ್ ವಾಲ್ವಿನ ಕಥೆ ಬೇರೆ. ನೀರು ಹಿಂದಕ್ಕೆ ವೇಗವಾಗಿ ನುಗ್ಗತೊಡಗಿದ ಮೇಲೆ ಅದರ ತಟ್ಟೆ ಬಡಿದುಕೊಂಡು ಮುಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಈ ಎರಡನೆಯದಕ್ಕೇ.

ಕಂಪ್ಯೂಟರ್ ಮುಟ್ಟುವ ಮುನ್ನ ಕೈಲೆಕ್ಕ ಮಾಡಬೇಕು. ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೋವ್‌ಸ್ಕಿ 1898ರಲ್ಲಿ ಪ್ರಕಟಿಸಿದ ಸೂತ್ರದಂತೆ, ಒತ್ತಡದ ಏರಿಕೆಯೆಂದರೆ ನೀರಿನ ಸಾಂದ್ರತೆ, ಅಲೆಯ ವೇಗ ಮತ್ತು ಹರಿವಿನ ವೇಗದಲ್ಲಾದ ಬದಲಾವಣೆ, ಈ ಮೂರರ ಗುಣಲಬ್ಧ. 220 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು 840 ಕಿಲೋಗ್ರಾಂ. ಪೈಪಿನ ಗೋಡೆ ತುಸು ಹಿಗ್ಗುವುದನ್ನೂ ಸೇರಿಸಿದರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹರಿಯುತ್ತಿದ್ದ ನೀರು ಪೂರ್ತಿ ನಿಂತರೆ ಒತ್ತಡ ಸುಮಾರು 50 ಬಾರ್ ಏರುತ್ತದೆ. ತಣ್ಣೀರಿನ ಅಂಕಿಗಳನ್ನು ಇಲ್ಲಿ ಬಳಸಿದರೆ ಉತ್ತರ ತಪ್ಪುತ್ತದೆ.

ಮುಂದಿನ ಪ್ರಶ್ನೆ, ಮುಚ್ಚುವಿಕೆ ನಿಜಕ್ಕೂ ಕ್ಷಿಪ್ರವೇ ಎಂಬುದು. ಕವಾಟದಿಂದ ಹೊರಟ ಅಲೆ 60 ಮೀಟರ್ ದೂರದ ದೊಡ್ಡ ಹೆಡರಿಗೆ (ಹಲವು ಪೈಪುಗಳು ಕೂಡುವ ದಪ್ಪ ಪೈಪು) ತಲುಪಿ, ಪ್ರತಿಫಲಿಸಿ ಮರಳಲು 0.1 ಸೆಕೆಂಡ್ ಬೇಕು. ಅಷ್ಟರೊಳಗೆ ಹರಿವು ನಿಂತರೆ ಮೇಲಿನ ಏರಿಕೆ ಪೂರ್ತಿಯಾಗಿ ಬರುತ್ತದೆ; ನಿಧಾನವಾದಷ್ಟೂ, ಮರಳಿ ಬಂದ ಅಲೆ ಅದನ್ನು ತಗ್ಗಿಸುತ್ತದೆ. ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಕವಾಟದ ದಾಖಲೆಯಲ್ಲಿ ಬರೆದಿರುವ ಒಟ್ಟು ಸಮಯವನ್ನಲ್ಲ. ಗೇಟ್ ವಾಲ್ವ್ (ಹಲಗೆಯೊಂದು ಅಡ್ಡಲಾಗಿ ಇಳಿದು ಮುಚ್ಚುವ ಕವಾಟ) ಬಹುಪಾಲು ಮುಚ್ಚುವವರೆಗೂ ಹರಿವು ಹೆಚ್ಚೇನೂ ಕುಗ್ಗುವುದಿಲ್ಲ, ಕೊನೆಯ ಚಲನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಆದ್ದರಿಂದ ತೆರವಿನ ಪ್ರಮಾಣಕ್ಕೂ ಹರಿವಿನ ಗುಣಾಂಕಕ್ಕೂ (ಕವಾಟ ಎಷ್ಟು ಸುಲಭವಾಗಿ ನೀರು ಬಿಡುತ್ತದೆಂಬ ಅಳತೆ) ಇರುವ ಸಂಬಂಧದ ವಕ್ರರೇಖೆಯನ್ನು ತಯಾರಕರಿಂದ ಪಡೆದೇ ಮುಂದುವರಿಯಬೇಕು.

ಚೆಕ್ ವಾಲ್ವಿಗೆ ಮುಚ್ಚುವ ಸಮಯವನ್ನು ನಾವು ಕೊಡುವಂತೆಯೇ ಇಲ್ಲ, ಅದನ್ನು ಲೆಕ್ಕದಿಂದಲೇ ಪಡೆಯಬೇಕು. ತಟ್ಟೆಯ ಜಡತ್ವ, ತೂಕ, ಕೀಲಿನ ಘರ್ಷಣೆ, ನೀರು ಅದರ ಮೇಲೆ ಹೇರುವ ತಿರುಚುಬಲ ಇವೆಲ್ಲ ಸೇರಿದ ಚಲನೆಯ ಸಮೀಕರಣವನ್ನು ಹರಿವಿನ ಸಮೀಕರಣಗಳ ಜೊತೆಗೇ ಬಿಡಿಸಬೇಕು. ತಟ್ಟೆ ಆಸನಕ್ಕೆ ತಾಗುವ ಕ್ಷಣದಲ್ಲಿ ಹಿಮ್ಮುಖ ವೇಗ ಎಷ್ಟಿತ್ತೆಂಬುದೇ ಹೊಡೆತದ ಗಾತ್ರವನ್ನು ತೀರ್ಮಾನಿಸುತ್ತದೆ. ಮುಚ್ಚದೇ ಉಳಿಯುವ ಸಾಧ್ಯತೆಯನ್ನೂ ಪ್ರತ್ಯೇಕವಾಗಿ ನೋಡಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಒನೊಫ್ರೆ ಸ್ಥಾವರದ ಮೊದಲ ಘಟಕದಲ್ಲಿ 1985ರ ನವೆಂಬರ್ 21ರಂದು ಐದು ಚೆಕ್ ವಾಲ್ವ್‌ಗಳು ಮುಚ್ಚಲಿಲ್ಲ. ಖಾಲಿಯಾದ ಫೀಡ್‌ವಾಟರ್ ಪೈಪಿಗೆ ಹಬೆ ನುಗ್ಗಿ, ಮತ್ತೆ ನೀರು ತುಂಬುವಾಗ ಆ ಹಬೆ ಸಾಂದ್ರೀಕರಿಸಿ (ಮರಳಿ ನೀರಾಗಿ) ಜಲಾಘಾತವಾಯಿತು, ಪೈಪಿನ ಆಧಾರಗಳು ಹಾನಿಗೊಂಡವು.

ಪೂರ್ಣ ಲೆಕ್ಕಕ್ಕೆ ಮೆಥಡ್ ಆಫ್ ಕ್ಯಾರೆಕ್ಟರಿಸ್ಟಿಕ್ಸ್ (ಅಲೆ ಸಾಗುವ ಹಾದಿಯನ್ನೇ ಹಿಡಿದು ಹರಿವಿನ ಸಮೀಕರಣಗಳನ್ನು ಬಿಡಿಸುವ ಗಣಿತ ವಿಧಾನ) ಅಥವಾ ಪರಮಾಣು ಸ್ಥಾವರದ ನೀರು-ಹಬೆಯ ಹರಿವನ್ನು ಲೆಕ್ಕ ಹಾಕುವ ರೆಲಾಪ್5ರಂಥ ತಂತ್ರಾಂಶ ಬಳಕೆಯಲ್ಲಿದೆ. ಲೆಕ್ಕಕ್ಕಾಗಿ ಪೈಪನ್ನು ವಿಭಜಿಸಿಕೊಂಡ ತುಂಡುಗಳು ತೀರ ಉದ್ದವಾದರೆ ಅಲೆಯ ಮುಖ ಮಸುಕಾಗಿ ಬಲ ಕಡಿಮೆಯಾಗಿ ಕಾಣುತ್ತದೆ. ಹೀಗಾಗಿ ತುಂಡುಗಳನ್ನೂ ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಿ ಉತ್ತರ ಬದಲಾಗದೆ ನಿಲ್ಲುವುದೇ ಎಂದು ನೋಡಬೇಕು. ಕವಾಟದ ಇನ್ನೊಂದು ಬದಿಯಲ್ಲಿ ಒತ್ತಡ ಇಳಿಯುವುದನ್ನು ಮರೆಯುವಂತಿಲ್ಲ. 220 ಡಿಗ್ರಿಯ ನೀರು ಸುಮಾರು 23 ಬಾರ್‌ಗೇ ಕುದಿಯುತ್ತದೆ. ಅಲ್ಲಿ ಹಬೆಯ ಪೊಳ್ಳು ಮೂಡಿ, ಬಳಿಕ ನೀರಿನ ಕಂಬಗಳು ಮತ್ತೆ ಕೂಡಿದಾಗ ಎರಡನೆಯ ಹೊಡೆತ ಬೀಳುತ್ತದೆ, ಕೆಲವೊಮ್ಮೆ ಮೊದಲನೆಯದಕ್ಕಿಂತ ಜೋರಾಗಿ.

ಕೊನೆಯದಾಗಿ ಬಲ. ಒಳವ್ಯಾಸ 0.4 ಮೀಟರ್ ಇರುವ ಪೈಪಿನಲ್ಲಿ 50 ಬಾರ್ ಎಂದರೆ ಸುಮಾರು 630 ಕಿಲೋನ್ಯೂಟನ್. ಒತ್ತಡ ಏರಲು 0.02 ಸೆಕೆಂಡ್ ಹಿಡಿದರೆ ಅಲೆಯ ಮುಖ 24 ಮೀಟರ್ ಉದ್ದವಾಗುತ್ತದೆ. ಆಗ ಎರಡು ಬಾಗುಗಳ ನಡುವಿನ 12 ಮೀಟರ್ ನೇರ ಭಾಗದ ಮೇಲೆ ಅದರ ಅರ್ಧದಷ್ಟು, ಅಂದರೆ ಸುಮಾರು 315 ಕಿಲೋನ್ಯೂಟನ್ ಬೀಳುತ್ತದೆ. ಅದೇ ಏರಿಕೆ ಇನ್ನೂ ಕಡಿದಾಗಿದ್ದರೆ ಪೂರ್ಣ ಬಲವೇ ಬೀಳುತ್ತದೆ. ಪ್ರತಿ ನೇರ ಭಾಗಕ್ಕೂ ಹೀಗೆ ಕಾಲಕ್ಕೆ ತಕ್ಕಂತೆ ಬದಲಾಗುವ ಬಲದ ದಾಖಲೆ ಸಿದ್ಧಪಡಿಸಿ, ಗರಿಷ್ಠ ಮೌಲ್ಯವನ್ನಷ್ಟೇ ಅಲ್ಲದೆ ಪೂರ್ಣ ದಾಖಲೆಯನ್ನು, ದಿಕ್ಕಿನ ಚಿಹ್ನೆಗಳ ಸಮೇತ, ಪೈಪಿನ ಕಂಪನವನ್ನೂ ಆಧಾರಗಳನ್ನೂ ಪರಿಶೀಲಿಸುವ ಎಂಜಿನಿಯರಿಗೆ ಒಪ್ಪಿಸಬೇಕು.