ನಂದಿಬೆಟ್ಟ ಇಳಿಯುವ ಕಾರಿನ ಬ್ರೇಕು: ಸ್ಪೋರ್ಟ್ಸ್ ಕಾರಿಗೆ ಮನೆಯಲ್ಲೇ ಮಾಡಬಹುದಾದ ಆರೈಕೆ

ಚಿಕ್ಕಬಳ್ಳಾಪುರದ ಸುತ್ತಮುತ್ತ ಎರಡು ಆಸನದ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದನ್ನು ಬಳಸುವ ರೀತಿ ಬಹುಮಟ್ಟಿಗೆ ಒಂದೇ. ವಾರವಿಡೀ ಅದು ಪೋರ್ಟಿಕೋದಲ್ಲಿ ಹೊದಿಕೆ ಹೊದ್ದು ನಿಂತಿರುತ್ತದೆ; ರಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ನಂದಿಬೆಟ್ಟ ಹತ್ತಿಳಿಯುತ್ತದೆ, ಇಲ್ಲವೇ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿಯವರೆಗೆ ಹೋಗಿಬರುತ್ತದೆ. ಹೀಗೆ ಬಳಸುವ ಕಾರನ್ನು ಮುಖ್ಯವಾಗಿ ಹಾಳುಮಾಡುವುದು ಘಟ್ಟದ ಶಾಖ, ಕ್ರಷರುಗಳ ದೂಳು ಮತ್ತು ದಿನಗಟ್ಟಲೆ ನಿಂತಲ್ಲೇ ನಿಲ್ಲುವಿಕೆ. ಈ ಮೂರನ್ನೂ ಎದುರಿಸುವ ಕೆಲಸಗಳಲ್ಲಿ ಹೆಚ್ಚಿನವನ್ನು ತಾಳ್ಮೆಯಿರುವ ಯಾರಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಅವುಗಳಲ್ಲಿ ಬ್ರೇಕಿನ ಕೆಲಸವೇ ಮೊದಲನೆಯದೆಂಬುದು ನನ್ನ ಅಭಿಪ್ರಾಯವಾದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗಾಗಿ ಪೋರ್ಷೆ ಬಾಕ್ಸ್‌ಸ್ಟರ್‌ನ 987 ಮಾದರಿಯನ್ನು ತೆಗೆದುಕೊಂಡಿದ್ದೇನೆ. ಇದರ ಎಂಜಿನ್ ಆಸನಗಳ ಹಿಂದೆ, ಹಿಂಚಕ್ರಗಳ ಮುಂದೆ ಇರುತ್ತದೆ. ರೇಡಿಯೇಟರುಗಳು ಮಾತ್ರ ಮುಂದಿನ ಬಂಪರಿನ ಎರಡೂ ಬದಿಗಳಲ್ಲಿರುತ್ತವೆ. ಬೇರೆ ಕಾರಿನವರಿಗೂ ಕ್ರಮ ಹೆಚ್ಚುಕಡಿಮೆ ಇದೇ ಆದರೂ ಬೋಲ್ಟ್ ಬಿಗಿಯುವ ಅಳತೆಗಳನ್ನು ತಮ್ಮ ಕಾರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಕಾರನ್ನು ಎತ್ತುವ ಮುನ್ನ

ನಮ್ಮ ಕಡೆಯ ಪೋರ್ಟಿಕೋಗಳಿಗೆ ಮಳೆನೀರು ಹರಿದುಹೋಗಲೆಂದು ಮೇಸ್ತ್ರಿಗಳು ರಸ್ತೆಯ ಕಡೆಗೆ ವಾಟ ಕೊಟ್ಟಿರುತ್ತಾರೆ; ಜೊತೆಗೆ ಈಚಿನ ಮನೆಗಳಲ್ಲಿ ನೆಲಕ್ಕೆ ಪಾಲಿಶ್ ಮಾಡಿದ ಗ್ರಾನೈಟ್ ಹಾಸಿರುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ವಾಟವೂ ಜಾಕಿಯ ಮೇಲಿರುವ ಕಾರನ್ನು ಉರುಳಿಸಬಲ್ಲದು. ಆದ್ದರಿಂದ ರಸಮಟ್ಟ ಇಟ್ಟು ನೋಡಿ, ಮಟ್ಟಸವಾದ ಕಾಂಕ್ರೀಟ್ ನೆಲವಿರುವ ಕಡೆಯಲ್ಲೇ ಕೆಲಸ ಮಾಡಬೇಕು. ಗ್ರಾನೈಟ್ ಬಿಟ್ಟರೆ ಬೇರೆ ನೆಲವೇ ಇಲ್ಲವೆಂದಾದರೆ ಜಾಕ್ ಸ್ಟ್ಯಾಂಡುಗಳ ಕೆಳಗೆ ದಪ್ಪ ಪ್ಲೈವುಡ್ ತುಂಡುಗಳನ್ನು ಹಾಕಬೇಕು, ಇಲ್ಲದಿದ್ದರೆ ಅವು ಜಾರುತ್ತವೆ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಬೆಣೆ ಕೊಡಬೇಕು.

ಸ್ಟ್ಯಾಂಡ್ ಕೊಳ್ಳುವ ಬದಲು ಮನೆ ಕಟ್ಟಿ ಮಿಕ್ಕ ಸಿಮೆಂಟ್ ಬ್ಲಾಕುಗಳನ್ನೋ ಸೈಜುಗಲ್ಲುಗಳನ್ನೋ ಕೊಡುವ ಅಭ್ಯಾಸ ನಮ್ಮಲ್ಲಿದೆ. ಟೊಳ್ಳು ಬ್ಲಾಕು ಗೋಡೆಯಲ್ಲಿ ಸಮನಾಗಿ ಹಂಚಿದ ಭಾರವನ್ನು ಹೊರುತ್ತದೆಯೇ ಹೊರತು, ಒಂದೇ ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಸೈಜುಗಲ್ಲು ಒಡೆಯುವುದಿಲ್ಲ, ವಾಲುತ್ತದೆ. ಇವೆರಡನ್ನೂ ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು.

ಕಾರು ತೀರಾ ತಗ್ಗಾಗಿರುವುದರಿಂದ ಸಾಮಾನ್ಯ ಟ್ರಾಲಿ ಜಾಕಿ ಒಳಗೆ ಹೋಗುವುದಿಲ್ಲ. ಒಂದೂವರೆ ಇಂಚು ದಪ್ಪದ ಮರದ ಹಲಗೆಗಳ ಮೇಲೆ ಚಕ್ರಗಳನ್ನು ಹತ್ತಿಸಿ ನಿಲ್ಲಿಸಿದರೆ ಜಾಕಿಗೆ ಸಾಕಷ್ಟು ಎಡೆ ಸಿಗುತ್ತದೆ. ಬಾಗಿಲುಗಳ ಕೆಳಗಿನ ಅಂಚಿನಲ್ಲಿ, ಪ್ರತಿ ಚಕ್ರದ ಹತ್ತಿರ, ಎತ್ತುವುದಕ್ಕೆಂದೇ ಗಟ್ಟಿಗೊಳಿಸಿದ ಒಂದೊಂದು ಜಾಗವಿದೆ. ಜಾಕಿಯನ್ನು ರಬ್ಬರ್ ತುಂಡಿನೊಂದಿಗೆ ಅಲ್ಲಿಗೇ ಕೊಡಬೇಕು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪ್ ಎಂಬ ತೊಟ್ಟಿಗೆ ಕೊಟ್ಟರೆ ಅದು ಬಿರುಕು ಬಿಡುತ್ತದೆ. ಚಕ್ರದ ಬೋಲ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಂಡು, ಆಮೇಲೆ ಎತ್ತಬೇಕು.

ಬ್ರೇಕು

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 500 ಮೀಟರ್ ಇಳಿದ ಕಾರು ಎಷ್ಟು ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಲೇಬೇಕು ಎಂದು ಲೆಕ್ಕ ಹಾಕಿದರೆ, ಅದು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ಣ ನಿಲುಗಡೆಗೆ ಹನ್ನೆರಡು ಸಲಕ್ಕೂ ಹೆಚ್ಚು ತಂದಷ್ಟಾಗುತ್ತದೆ. ಕಾರಿನ ತೂಕ ಎಷ್ಟೇ ಇರಲಿ, ಈ ಅನುಪಾತ ಬದಲಾಗುವುದಿಲ್ಲ. ಅದರಲ್ಲಿ ಒಂದು ಪಾಲನ್ನು ಕೆಳಗಿನ ಗೇರಿನಲ್ಲಿರುವ ಎಂಜಿನ್ನೂ ಗಾಳಿಯೂ ತಡೆದುಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿ ಇಳಿಸುವವರು ಎಂಜಿನ್ನಿನ ಪಾಲನ್ನೂ ಬ್ರೇಕಿನ ಮೇಲೆಯೇ ಹೇರುತ್ತಾರೆ. ಚಕ್ರದೊಂದಿಗೆ ತಿರುಗುವ ಡಿಸ್ಕಿನಲ್ಲಿ ಹುಟ್ಟಿದ ಶಾಖ ಅದನ್ನು ಒತ್ತಿ ಹಿಡಿಯುವ ಪ್ಯಾಡಿಗೂ, ಪ್ಯಾಡಿನಿಂದ ಅದನ್ನು ತಳ್ಳುವ ಕ್ಯಾಲಿಪರಿನ ಪಿಸ್ಟನ್‌ಗೂ, ಅಲ್ಲಿಂದ ಬ್ರೇಕ್ ಆಯಿಲಿಗೂ ಹರಿಯುತ್ತದೆ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜಕ್ಕೂ ಎಣ್ಣೆಯಲ್ಲ, ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗ್ಲೈಕಾಲ್ ದ್ರವ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಅದೇ ದ್ರವ ಶೇಕಡ 3.7ರಷ್ಟು ನೀರು ಕುಡಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳಾಗುತ್ತವೆ, ಗುಳ್ಳೆಗಳು ಒತ್ತಡಕ್ಕೆ ಕುಗ್ಗುತ್ತವೆ, ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಓಡಿದ್ದು ಬರೀ ಎರಡು ಸಾವಿರ ಕಿ.ಮೀ. ಆದರೂ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕೆಂದು ಹೇಳುವುದು ಈ ಕಾರಣಕ್ಕೆ. ಹೆಸರಿನಲ್ಲಿ ಹತ್ತಿರವಿರುವ ಡಾಟ್ 5 ಮಾತ್ರ ಸಿಲಿಕೋನ್ ಜಾತಿಯದು. ಅದನ್ನು ಈ ಕಾರಿಗೆ ಹಾಕಲೇಬಾರದು.

ಕೆಲಸಕ್ಕೆ ಸೀಲ್ ಒಡೆಯದ ಒಂದು ಲೀಟರ್ ದ್ರವ, 11ರ ರಿಂಗ್ ಸ್ಪ್ಯಾನರ್, ಒಂದು ಪಾರದರ್ಶಕ ಪೈಪು, ಒಂದು ಬಾಟಲಿ ಮತ್ತು ಪೆಡಲ್ ಒತ್ತಲು ಮನೆಯವರೊಬ್ಬರು ಬೇಕು. ದ್ರವದ ಡಬ್ಬಿ ಮುಂದಿನ ಡಿಕ್ಕಿಯ ಹಿಂಭಾಗದಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಕೆಳಗಿದೆ. ಅದರ ಸುತ್ತ ಒದ್ದೆ ಬಟ್ಟೆ ಹಾಸಿಕೊಳ್ಳಬೇಕು, ಏಕೆಂದರೆ ಈ ದ್ರವ ಬಿದ್ದ ಕಡೆ ಬಣ್ಣ ಎದ್ದುಬರುತ್ತದೆ. ಬಿದ್ದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಬೇಕು. ಡಬ್ಬಿಯಲ್ಲಿರುವ ಹಳೆಯ, ಚಹಾ ಬಣ್ಣಕ್ಕೆ ತಿರುಗಿದ ದ್ರವವನ್ನು ದೊಡ್ಡ ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿದ ಮೇಲೆ ಚಕ್ರಗಳ ಕಡೆ ಹೋಗಬೇಕು.

ಹಳೆಯ ದ್ರವ ಹೊರಬಿಡುವುದನ್ನು, ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಎಡಗಡೆ ಸ್ಟಿಯರಿಂಗ್ ಇರುವ ದೇಶಗಳ ಕೈಪಿಡಿಗಳು ಬಲ ಹಿಂಚಕ್ರದಿಂದ ಆರಂಭಿಸಿ ಎನ್ನುವುದನ್ನು ನಮ್ಮವರು ಹಾಗೆಯೇ ಪಾಲಿಸುವುದುಂಟು. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರಿನಲ್ಲಿ ದೂರದ್ದು ಎಡ ಹಿಂಚಕ್ರ. ಅದಾದ ಮೇಲೆ ಬಲ ಹಿಂಚಕ್ರ, ಎಡ ಮುಂಚಕ್ರ, ಕೊನೆಗೆ ಬಲ ಮುಂಚಕ್ರ. ಈ ಕಾರಿನ ಕ್ಯಾಲಿಪರುಗಳಲ್ಲಿ ಎರಡೂ ಬದಿಗೆ ಪಿಸ್ಟನ್‌ಗಳಿರುವುದರಿಂದ ಒಂದೊಂದಕ್ಕೂ ದ್ರವ ಹೊರಬಿಡುವ ಎರಡು ನಿಪ್ಪಲ್‌ಗಳಿವೆ. ಹೊರಗೆ ಕಾಣುವುದನ್ನು ಮಾತ್ರ ಬಿಚ್ಚಿ ಒಳಗಿನದನ್ನು ಮರೆತರೆ ಅರ್ಧ ಕೆಲಸವೇ ಆದಂತೆ.

ನಿಪ್ಪಲ್‌ಗೆ ಮೊದಲು ಸ್ಪ್ಯಾನರ್, ಅದರ ಮೇಲೆ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಬಾಟಲಿಯಲ್ಲಿರುವ ದ್ರವದೊಳಗೆ ಮುಳುಗಿಸಬೇಕು. ಒಳಗೆ ಕೂತವರು ಪೆಡಲನ್ನು ನಿಧಾನವಾಗಿ ಒತ್ತಿ “ಒತ್ತಿದೆ” ಎನ್ನಬೇಕು. ಆಗ ನಿಪ್ಪಲ್ಲನ್ನು ಕಾಲು ಸುತ್ತು ಬಿಚ್ಚಿದರೆ ದ್ರವ ಹರಿಯುತ್ತದೆ. ಹರಿವು ನಿಲ್ಲುವ ಮೊದಲೇ ನಿಪ್ಪಲ್ ಬಿಗಿದು “ಬಿಡಿ” ಎಂದ ಮೇಲಷ್ಟೇ ಅವರು ಕಾಲೆತ್ತಬೇಕು. ನಿಪ್ಪಲ್ ತೆರೆದಿರುವಾಗ ಕಾಲೆತ್ತಿದರೆ ಎಳೆಗಳ ಸಂದಿನಿಂದ ಗಾಳಿ ಒಳಗೆ ಸೇರುತ್ತದೆ. ಪೆಡಲನ್ನು ನೆಲ ಮುಟ್ಟುವಷ್ಟು ಒತ್ತಬಾರದು: ಹಳೆಯ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ ಎಂದೂ ಬಳಕೆಯಾಗದ ಭಾಗ ತುಕ್ಕು ಹಿಡಿದು ಒರಟಾಗಿರುತ್ತದೆ, ಸೀಲ್ ಅಲ್ಲಿಗೆ ಹೋದರೆ ಕಿತ್ತುಹೋಗುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಈ ಚಿಂತೆ ಇರುವುದಿಲ್ಲ. ಪೈಪಿನಲ್ಲಿ ಗುಳ್ಳೆಯಿಲ್ಲದ ತಿಳಿ ದ್ರವ ಬರುವವರೆಗೂ ಹೀಗೇ ಮುಂದುವರಿಸುತ್ತಾ, ಆಗಾಗ ಡಬ್ಬಿಯನ್ನು ತುಂಬುತ್ತಿರಬೇಕು. ಡಬ್ಬಿ ಬರಿದಾಗಿ ಗಾಳಿ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಘಟಕದೊಳಕ್ಕೆ ಹೊಕ್ಕರೆ ಅದನ್ನು ತೆಗೆಯಲು ಕಂಪ್ಯೂಟರ್ ಇರುವ ವರ್ಕ್‌ಶಾಪಿಗೇ ಹೋಗಬೇಕಾದೀತು.

ಚಕ್ರ ಬಿಚ್ಚಿರುವಾಗಲೇ ಪ್ಯಾಡುಗಳನ್ನೂ ನೋಡಿಬಿಡುವುದು ಜಾಣತನ. ಲೋಹದ ತಟ್ಟೆಯನ್ನು ಬಿಟ್ಟು ಉಜ್ಜುವ ವಸ್ತು 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಬೇಕು. ಡಿಸ್ಕ್ ಎಷ್ಟು ತೆಳುವಾಗಬಹುದೆಂಬ ಮಿತಿಯನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಪ್ಯಾಡ್ ಬದಲಿಸುವಾಗ ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಬಿಚ್ಚಬೇಕು; ಸ್ಪ್ರಿಂಗ್ ಹೇಗೆ ಕೂತಿತ್ತು, ಸೆನ್ಸರ್ ವೈರು ಯಾವ ಕಡೆಯಿಂದ ಬಂದಿತ್ತು ಎಂಬುದಕ್ಕೆ ಬಿಚ್ಚದ ಬದಿಯೇ ಸಾಕ್ಷಿ. ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಲು ಸ್ಕ್ರೂಡ್ರೈವರ್ ಬಳಸಿದರೆ ಡಿಸ್ಕಿಗೂ ರಬ್ಬರಿಗೂ ಗಾಯವಾಗುತ್ತದೆ, ಮರದ ಬೆಣೆ ಸಾಕು. ತಳ್ಳಿದಷ್ಟೂ ಮೇಲಿನ ಡಬ್ಬಿಯಲ್ಲಿ ದ್ರವ ಏರುವುದರಿಂದ ಮೊದಲೇ ಸ್ವಲ್ಪ ತೆಗೆದಿಟ್ಟಿರಬೇಕು. ಕಪ್ಪು ದೂಳನ್ನು ಗಾಳಿ ಹೊಡೆದು ಹಾರಿಸದೆ, ಬ್ರೇಕ್ ಕ್ಲೀನರ್ ಚಿಮುಕಿಸಿ ಬನಿಯನ್ ವೇಸ್ಟಿನಿಂದ ಒರೆಸಬೇಕು, ಮೂಗಿಗೆ ಮಾಸ್ಕ್ ಇರಬೇಕು.

ಚಕ್ರ ಕೂರಿಸಿ, ಕಾರನ್ನು ಇಳಿಸಿ, ಬೋಲ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ, ಅಂದರೆ ಒಂದನ್ನು ಬಿಟ್ಟು ಒಂದರಂತೆ, ಟಾರ್ಕ್ ರೆಂಚಿನಿಂದ 130 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ವೀಲ್ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಬಿಗಿಯುವ ಪಂಕ್ಚರ್ ಅಂಗಡಿಯ ಪದ್ಧತಿ ಲಾರಿಗೆ ನಡೆದೀತು, ಅಲ್ಯೂಮಿನಿಯಂ ಚಕ್ರಕ್ಕೆ ನಡೆಯದು. ಕಾರು ಒಂದಡಿಯೂ ಚಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್‌ಗಳು ಮತ್ತೆ ಪ್ಯಾಡನ್ನು ಮುಟ್ಟುವವರೆಗೂ ಬ್ರೇಕ್ ಇರುವುದೇ ಇಲ್ಲ. ಹೊಸ ಪ್ಯಾಡನ್ನು ಪಳಗಿಸಲು, ಹಿಂದೆ ಮುಂದೆ ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 80ರಿಂದ 20 ಕಿ.ಮೀ.ವರೆಗೆ ಹದವಾಗಿ ವೇಗ ತಗ್ಗಿಸುವುದನ್ನು ಎಂಟು ಹತ್ತು ಬಾರಿ, ನಡುನಡುವೆ ತಣಿಯಲು ಬಿಟ್ಟು, ಮಾಡಬೇಕು. ಪೂರ್ತಿ ನಿಲ್ಲಿಸಬಾರದು. ಬೆಟ್ಟ ಇಳಿದು ಬಂದು ಚೆಕ್‌ಪೋಸ್ಟಿನ ಬಳಿ ಪೆಡಲ್ ಒತ್ತಿಕೊಂಡೇ ನಿಲ್ಲುವುದೂ ಇದೇ ಕಾರಣಕ್ಕೆ ಕೆಟ್ಟದ್ದು: ಕಾದ ಪ್ಯಾಡಿನ ವಸ್ತು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ.

ಕೂಲೆಂಟು ಮತ್ತು ರೇಡಿಯೇಟರು

ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕೊಳವೆಬಾವಿಯ ನೀರಿನ ಗಡಸುತನ ನಮ್ಮ ಮನೆಗಳ ನಲ್ಲಿಯ ತುದಿಯಲ್ಲಿ, ಗೀಸರಿನೊಳಗೆ ಬಿಳಿ ಪದರವಾಗಿ ಕಾಣಿಸುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಆದ್ದರಿಂದ ಕೂಲೆಂಟಿಗೆ ಬೆರೆಸುವ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರೇ ಆಗಿರಬೇಕು, ಸಮಪ್ರಮಾಣದಲ್ಲಿ ಬೆರೆಸಬೇಕು. ಕೂಲೆಂಟಿನ ಬಣ್ಣ ಅದರ ಜಾತಿಯನ್ನು ಹೇಳುವುದಿಲ್ಲ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ಬೆರೆಸುವವರು ಡಬ್ಬದ ಮೇಲಿನ ದರ್ಜೆಯನ್ನು ಓದಬೇಕು. ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆಗೆಯಬಾರದೆಂಬುದನ್ನು ಹೇಳಬೇಕಾಗಿಲ್ಲ. ಚೆಲ್ಲಿದ ಕೂಲೆಂಟನ್ನು ಮಾತ್ರ ಹಾಗೆಯೇ ಬಿಡಬಾರದು: ಅದು ಸಿಹಿಯಾಗಿರುತ್ತದೆ, ಬೀದಿನಾಯಿಗಳು ನೆಕ್ಕಿದರೆ ಸಾಯುತ್ತವೆ.

ಮುಂದಿನ ಬಂಪರಿನ ಎರಡು ಬಾಯಿಗಳೊಳಗೆ ಟಾರ್ಚ್ ಬಿಟ್ಟು ನೋಡಿದರೆ ಈ ಕಾರಿನ ದೊಡ್ಡ ದೌರ್ಬಲ್ಯ ತಿಳಿಯುತ್ತದೆ. ನಮ್ಮ ರಸ್ತೆಬದಿಯ ನೀಲಗಿರಿ ಎಲೆಗಳು ಅಲ್ಲಿ ಹೊಕ್ಕು ಮೂಲೆಯಲ್ಲಿ ಸೇರಿಕೊಳ್ಳುತ್ತವೆ, ಕ್ರಷರ್ ದೂಳು ಅವುಗಳ ಮೇಲೆ ಕೂರುತ್ತದೆ, ಮೊದಲ ಮಳೆಗೆ ಎಲ್ಲವೂ ಕೆಸರಾಗಿ ರೇಡಿಯೇಟರಿನ ಅಲ್ಯೂಮಿನಿಯಂ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತದೆ. ಎಲೆಗಳನ್ನು ಕೈಯಿಂದಲೂ ವ್ಯಾಕ್ಯೂಮ್ ಪೈಪಿನಿಂದಲೂ ತೆಗೆದು, ಮೆದು ಬ್ರಷ್ ಆಡಿಸಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ನು ರೆಕ್ಕೆಗಳನ್ನು ಮಡಚಿಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿದರೆ ಸಾಕು. ಅದೇ ಹೊತ್ತಿಗೆ ಈ ಕಾರಿನ ಮಡಚುವ ಬಟ್ಟೆಯ ಮಾಡಿನ ಕೆಳಗಿರುವ ನೀರು ಹೋಗುವ ರಂಧ್ರಗಳನ್ನೂ ಬಿಡಿಸಿಕೊಳ್ಳಬೇಕು.

ಎಂಜಿನ್ ಆಯಿಲು

ಈ ಎಂಜಿನ್ ಸುಮಾರು 8 ಲೀಟರ್ ಆಯಿಲ್ ಹಿಡಿಯುತ್ತದೆ. ಡಬ್ಬದ ಮೇಲೆ ಪೋರ್ಷೆ ಎ40 ಎಂಬ ಒಪ್ಪಿಗೆ ಇರಬೇಕು. ವರ್ಷಕ್ಕೊಮ್ಮೆ, ಎಂಜಿನ್ ಬೆಚ್ಚಗಿರುವಾಗ ಹಳೆಯ ಆಯಿಲನ್ನು ಇಳಿಸಬೇಕು. ಕೆಳಗಿನ ಪ್ಲಗ್ಗಿಗೆ ಹೊಸ ವಾಷರ್ ಹಾಕಿ 50 ನ್ಯೂಟನ್ ಮೀಟರ್‌ಗೆ, ಫಿಲ್ಟರಿನ ಪ್ಲಾಸ್ಟಿಕ್ ಲೋಟವನ್ನು 25ಕ್ಕೆ ಬಿಗಿದರೆ ಬದಲಾವಣೆಯ ಕೆಲಸ ಮುಗಿಯಿತು.

ಆದರೆ ಹಳೆಯ ಫಿಲ್ಟರನ್ನು ಎಸೆಯುವ ಮುನ್ನ ಕತ್ತರಿಸಿ ಬಿಡಿಸಬೇಕು. ಮನೆಯಲ್ಲಿ ಮಾಡುವುದರ ನಿಜವಾದ ಲಾಭ ಇಲ್ಲಿದೆ, ಅವಸರದ ಗ್ಯಾರೇಜಿನಲ್ಲಿ ಇದನ್ನು ಯಾರೂ ಮಾಡುವುದಿಲ್ಲ. 2008ರವರೆಗಿನ ಎಂಜಿನ್‌ಗಳಲ್ಲಿ, ಎಂಜಿನ್ನಿನ ತಿರುಗಾಟವನ್ನು ಟೈಮಿಂಗ್ ಚೈನುಗಳಿಗೆ ದಾಟಿಸುವ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಸವೆದು ಎಂಜಿನ್ನೇ ಹೋಗುವ ಭಯವಿದೆ. 2009ರಿಂದ ಬಂದ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಸಿಲಿನಲ್ಲಿ ಬಿಡಿಸಿ ನೋಡಿದಾಗ ಮಿನುಗುವ ಚೂರುಗಳು ಕಂಡರೆ ಅಯಸ್ಕಾಂತ ಹಿಡಿಯಬೇಕು. ಅಂಟಿಕೊಂಡರೆ ಅದು ಉಕ್ಕು, ಬೇರಿಂಗಿನದಿರಬಹುದು. ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಬಲ್ಲವರಿಗೆ ತೋರಿಸಬೇಕು. ಅಂಟಿಕೊಳ್ಳದ್ದು ಅಲ್ಯೂಮಿನಿಯಂ ಇದ್ದೀತು. ಗಟ್ಟಿಯಾದ ಕಂದು ಅಥವಾ ಕಪ್ಪು ಪ್ಲಾಸ್ಟಿಕ್ ಚೂರುಗಳಾದರೆ ಟೈಮಿಂಗ್ ಚೈನಿನ ಗೈಡಿನವು.

ಉಳಿದವು

ನಿಂತೇ ಇರುವ ಕಾರಿನ ಬ್ಯಾಟರಿಗೆ ಸಣ್ಣ ಪ್ರಮಾಣದಲ್ಲಿ ಚಾರ್ಜ್ ಕೊಡುತ್ತಲೇ ಇರುವ ಟ್ರಿಕಲ್ ಚಾರ್ಜರ್ ಹಾಕಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಟೈರುಗಳು ಸವೆಯುವ ಮೊದಲೇ ಮುದಿಯಾಗುತ್ತವೆ: ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ತೋಟದ ಮನೆಗಳಲ್ಲಿ ಇಲಿಗಳು ವೈರು ಕಡಿಯುವುದರಿಂದ ಹೊರಡುವ ಮೊದಲು ಎಂಜಿನ್ ಮುಚ್ಚಳ ತೆಗೆದೊಮ್ಮೆ ನೋಡಬೇಕು.

ಏರ್‌ಬ್ಯಾಗ್ ವೈರಿಂಗು, ಎ.ಸಿ. ಗ್ಯಾಸು, ಚಕ್ರಗಳ ಅಲೈನ್‌ಮೆಂಟು ಮತ್ತು ಗೇರ್‌ಬಾಕ್ಸ್ ಇಳಿಸುವ ಕೆಲಸಗಳಿಗೆ ಮನೆಯಲ್ಲಿ ಕೈ ಹಾಕಬಾರದು. ಹಳೆಯ ಎಂಜಿನ್ ಆಯಿಲನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಬ್ರೇಕ್ ದ್ರವವನ್ನೂ ಕೂಲೆಂಟನ್ನೂ ಅದಕ್ಕೆ ಬೆರೆಸದೆ ಬೇರೆ ಬೇರೆಯಾಗಿ ಇಟ್ಟು, ಹಳೆ ಆಯಿಲನ್ನು ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಬೇಕು. ಬೆರೆತ ಆಯಿಲನ್ನು ಅವರು ತೆಗೆದುಕೊಳ್ಳುವುದಿಲ್ಲ.