ಕಟ್ಟು ಚೆಲ್ಲಿದ ಹಾಪಿನ್ ಜಾನ್

ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ಬಂದ ಹೊಸತು. ಜನವರಿ 1ಕ್ಕೆ ಇಲ್ಲಿ ಮನೆಮನೆಯಲ್ಲೂ ಹಾಪಿನ್ ಜಾನ್ ಮಾಡುತ್ತಾರೆ. ಅನ್ನ, ಅಲಸಂದೆ ಕಾಳು, ಅಷ್ಟೇ ಅಲ್ವಾ ಅಂದುಕೊಂಡೆ. ಕಾಳನ್ನು ಕುಕ್ಕರ್‌ನಲ್ಲಿ ನಾಲ್ಕು ಸಲ ಕೂಗಿಸಿ, ನೀರು ಬಸಿದು ಸಿಂಕಿಗೆ ಸುರಿದು, ಅನ್ನಕ್ಕೆ ಕಲಸಿದೆ. ಪಕ್ಕದ ಮನೆಯ ಅಜ್ಜಿಗೆ ಒಂದು ಬಟ್ಟಲು ಕೊಟ್ಟೆ. ಅವರು ಗಲ್ಲಾ-ಗೀಚಿ, ಅಂದರೆ ಈ ಕರಾವಳಿಗೆ ಗುಲಾಮರಾಗಿ ತಂದ ಆಫ್ರಿಕನ್ನರ ವಂಶದವರು. ಒಂದು ತುತ್ತು ತಿಂದು, "ಕಾಳು ಬೇಯಿಸಿದ ನೀರು ಏನು ಮಾಡಿದೆ?" ಎಂದರು. ಚೆಲ್ಲಿದೆ ಎಂದೆ. ಚಮಚ ಕೆಳಗಿಟ್ಟರು.

ಬಸ್ಸಾರು ಉಂಡು ಬೆಳೆದವಳು ನಾನು. ಕಟ್ಟು ಚೆಲ್ಲಿದ್ದೆ!

ಮಾರನೇ ವಾರ ಅವರ ಒಲೆ ಮುಂದೆ ನಿಂತು ಕಲಿತೆ. ಒಂದು ಕಪ್ ಕಾಳನ್ನು ರಾತ್ರಿ ನೆನೆಸಬೇಕು. ಈರುಳ್ಳಿ, ಪಲಾವ್ ಎಲೆ, ಹೊಗೆಯಲ್ಲಿ ಹದ ಮಾಡಿದ ಟರ್ಕಿ ಕೋಳಿಯ ಕಾಲು ಹಾಕಿ ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಹೆಚ್ಚಿನವರು ಹಂದಿ ಮಾಂಸ ಹಾಕುತ್ತಾರೆ. ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಸಿಪ್ಪೆ ಒಡೆದಿರಬಾರದು. ಆಮೇಲೆ ಕಟ್ಟನ್ನು ಎರಡು ಕಪ್ ಅಳೆದು, ತೊಳೆದ ಒಂದು ಕಪ್ ಅಕ್ಕಿ, ಕಾಳು ಎಲ್ಲ ಸೇರಿಸಿ ಮುಚ್ಚಳ ಹಾಕಿ 20 ನಿಮಿಷ. ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯುವಂತಿಲ್ಲ. ನಾನು ತೆಗೆಯಲು ಹೋಗಿ ಕೈಮೇಲೆ ಪೆಟ್ಟು ತಿಂದೆ. ಅನ್ನ ಉದುರುದುರಾಗಿ, ನಸುಗಂದು ಬಣ್ಣಕ್ಕೆ ತಿರುಗಿತ್ತು.

ಅಲಸಂದೆ ಆಫ್ರಿಕಾದ ಬೆಳೆ. ಪಶ್ಚಿಮ ಆಫ್ರಿಕಾದ ಭತ್ತದ ಸೀಮೆಯಿಂದ ಹಿಡಿದು ತಂದು ಗುಲಾಮರಾಗಿ ಮಾರಿದ ಜನರೇ ಇಲ್ಲಿನ ಜೌಗು ನೆಲದಲ್ಲಿ ಗದ್ದೆ ಮಾಡಿದ್ದು. ಸೆನೆಗಲ್‌ನಲ್ಲಿ ಈಗಲೂ ಅನ್ನ, ಅಲಸಂದೆ ಒಟ್ಟಿಗೆ ಬೇಯಿಸುತ್ತಾರೆ. ಹಾಪಿನ್ ಜಾನ್ ಮಾಡುವ ಬಗೆ 1847ರಲ್ಲೇ ಅಚ್ಚಾಯಿತು. ಬರೆದದ್ದು ಮಾತ್ರ ಯಜಮಾನರ ಕಡೆಯ ಸಾರಾ ರಟ್ಲೆಜ್. ಗುಲಾಮಗಿರಿಯಲ್ಲಿ ಹುಟ್ಟಿದ ಆಬಿ ಫಿಶರ್ ಅವರ ಅಡುಗೆ ಪುಸ್ತಕ ಬರಲು 1881 ಆಗಬೇಕಾಯಿತು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಬಾಯಲ್ಲಿ ಹೇಳಿ ಬರೆಸಿದರು. ಇದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಜೊತೆಗೆ ಕಾಲರ್ಡ್ ಸೊಪ್ಪು ಇರಲೇಬೇಕು. ಸೊಪ್ಪು ಬೆಂದ ನೀರಿಗೆ ಪಾಟ್ ಲಿಕರ್ ಎನ್ನುತ್ತಾರೆ. ಅದನ್ನೂ ಚೆಲ್ಲುವುದಿಲ್ಲ, ಮೆಕ್ಕೆಜೋಳದ ಬ್ರೆಡ್ ಅದ್ದಿ ತಿನ್ನುತ್ತಾರೆ. ನಾನು ಸುಮ್ನೆ ಒಮ್ಮೆ ಮುದ್ದೆ ಅದ್ದಿ ನೋಡಿದೆ. ಚೆನ್ನಾಗಿತ್ತು.

ಈ ವರ್ಷ ಅಜ್ಜಿ ಎರಡನೇ ಸಲ ಬಡಿಸಿಕೊಂಡರು. ಟರ್ಕಿಯಲ್ಲೇ ಉಪ್ಪಿರುತ್ತದೆ, ಮತ್ತೆ ಯಾಕೆ ಅಷ್ಟು ಹಾಕಿದೆ ಎಂದು ಬೈದುಕೊಂಡೇ ತಿಂದರು.